ಸಾಹೇಬರ ವಾಟ್ಸಾಪ್ ಗ್ರೂಪು

ತಾಲ್ಲೂಕಿನ ಶಿಕ್ಷಣಾಧಿಕಾರಿ ಮರುಳಯ್ಯ ಸಾಹೇಬರು ಮೇಷ್ಟ್ರುಗಳನ್ನೆಲ್ಲ ಒಂದು ವಾಟ್ಸಾಪ್ ಗ್ರೂಪಿಗೆ ತುಂಬಿದರು. 'ಡಿಜಿಟಲ್ ಕಲಿಕೆ' ಎಂದು ಹೆಸರಿಟ್ಟರು. ಪ್ರತಿ ಪಾಠದ್ದೂ ಫೋಟೋ ಹಾಕಬೇಕು, ಇಲ್ಲದಿದ್ದರೆ ನೋಟಿಸು.

ಇನ್ನು ಪಾಠ ಯಾರಿಗೆ ಬೇಕು? ಮಕ್ಕಳನ್ನು ಸಾಲಾಗಿ ಕೂರಿಸು, ನಗಿಸು, ಫೋಟೋ ತೆಗಿ, ನೆಟ್‌ವರ್ಕ್ ಹುಡುಕಿಕೊಂಡು ನೀರಿನ ಟ್ಯಾಂಕ್ ಹತ್ತು. ಅಷ್ಟರಲ್ಲಿ ಬೆಲ್ ಹೊಡೆದಿರುತ್ತಿತ್ತು. ಸಾಹೇಬರೋ, ಫೋಟೋ ತೆರೆದೂ ನೋಡದೆ 'ಭೇಷ್' ಎನ್ನುವ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು.

ಒಂದು ದಿನ ಜಬೀನಾ ಟೀಚರ್ ಫೋಟೋ ಹಾಕಲಿಲ್ಲ. "ನಿಮಗೆ ಕಲಿಸೋ ಮನಸ್ಸೇ ಇಲ್ಲ" ಎಂದು ಸಾಹೇಬರು ಎಲ್ಲರೆದುರು ಗ್ರೂಪಿನಲ್ಲೇ ಬರೆದರು. ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಫೋನನ್ನು ಮಕ್ಕಳ ಕೈಗೆ ಕೊಟ್ಟು, "ಏನು ಅನುಮಾನ ಇದ್ರೂ ಸಾಹೇಬರನ್ನೇ ಕೇಳಿ" ಎಂದರು.

ಧ್ವನಿ ಸಂದೇಶಗಳು ಹೊರಟವು.

"ಸಾರ್, ಹಾಲು ಸಿಹಿ, ಮೊಸರು ಯಾಕೆ ಹುಳಿ?"

ಸಾಹೇಬರು ಅಭ್ಯಾಸಬಲದಿಂದ ಹೆಬ್ಬೆರಳು ಒತ್ತಿದರು.

"ಸಾರ್, ಬೆರಳು ತೋರಿಸಿದ್ರಿ, ಉತ್ತರ ಹೇಳ್ಲಿಲ್ಲ!"

ಮಿಕ್ಕ ಶಾಲೆಯವರೂ ಮಕ್ಕಳಿಗೆ ಫೋನ್ ಕೊಟ್ಟರು. ಸಾಹೇಬರ ಫೋನು ಕಿರುಚಿ ಕಿರುಚಿ ಸುಸ್ತಾಯಿತು. ಕೊನೆಗೆ ಅವರು, ಅಡ್ಮಿನ್ ಬಿಟ್ಟು ಬೇರೆ ಯಾರೂ ಸಂದೇಶ ಹಾಕದ ಹಾಗೆ ಗ್ರೂಪಿಗೆ ಬೀಗ ಜಡಿದರು. ಫೋಟೋಗಳೂ ನಿಂತವು. ಶಾಲೆಗಳಲ್ಲಿ ಪಾಠ ಶುರುವಾಯಿತು.

ವಾರ ಕಳೆದ ಮೇಲೆ ಸಾಹೇಬರು ಟೀಚರಿಗೆ ಫೋನ್ ಮಾಡಿದರು. "ಏನಮ್ಮಾ, ಮಕ್ಕಳ ಪ್ರಶ್ನೆಗೆ ಉತ್ತರ ಹೇಳೋಕೆ ನೀವೆಲ್ಲ ಬೇರೆ ಗ್ರೂಪ್ ಮಾಡ್ಕೊಂಡಿದ್ದೀರಂತೆ? ನನ್ನ ಯಾಕೆ ಸೇರಿಸಿಲ್ಲ?"

"ಸೇರಿಸ್ತೀವಿ ಸಾರ್," ಎಂದರು ಜಬೀನಾ ಟೀಚರ್. "ಆ ಮೊಸರಿನ ಉತ್ತರ ಮೊದಲು ಕಳಿಸಿ."