ಉದ್ದಂಡರಾಯ ಔಟಾದ ಬಗೆ

“ನನ್ನನ್ನು ಔಟ್ ಮಾಡುವ ಚೆಂಡನ್ನು ಇನ್ನೂ ಯಾರೂ ಹೊಲಿದಿಲ್ಲ!” ಎಂದು ಉದ್ದಂಡರಾಯ ಬ್ಯಾಟನ್ನು ನೆಲಕ್ಕೆ ಕುಟ್ಟಿ ಹೇಳಿದ.

ದೊರೆಯ ಮಾತು ಸುಳ್ಳೆನ್ನುವಂತಿರಲಿಲ್ಲ. ಯುಗಾದಿಯ ದಿನ ಬ್ಯಾಟ್ ಹಿಡಿದು ನಿಂತವನು ದೀಪಾವಳಿ ಬಂದರೂ ಔಟಾಗಿರಲಿಲ್ಲ. ಮುಂದಿನ ಸರದಿ ಆಸ್ಥಾನದ ವಿದೂಷಕ ಬುಳ್ಳಪ್ಪನದು. ಪಾಪ, ಅವನು ಯುಗಾದಿಯಿಂದಲೂ ಕಾಲಿಗೆ ಪ್ಯಾಡ್ ಕಟ್ಟಿಕೊಂಡೇ ಕಾಯುತ್ತಿದ್ದ. ಪ್ಯಾಡ್ ಕಟ್ಟಿಕೊಂಡೇ ಊಟ, ಪ್ಯಾಡ್ ಕಟ್ಟಿಕೊಂಡೇ ನಿದ್ದೆ. ನಿದ್ದೆಗಣ್ಣಿನಲ್ಲಿ ಬೀಳುವ ಪ್ಯಾಡಿನ ಒದೆ ತಿಂದು ತಿಂದು ಸಾಕಾಗಿ ಹೆಂಡತಿ ಪಕ್ಕದ ಕೋಣೆಗೆ ಚಾಪೆ ಎತ್ತಿಕೊಂಡು ಹೋಗಿದ್ದಳು.

ಹಾಗೆಂದು ದೊರೆ ಆಟದಲ್ಲಿ ಗಟ್ಟಿಗನೇನಲ್ಲ. ಸೇನಾಪತಿ ಎಸೆದ ಚೆಂಡು ದಿನಕ್ಕೊಮ್ಮೆಯಾದರೂ ವಿಕೆಟ್ ಉರುಳಿಸುತ್ತಿತ್ತು. ಅಂಪೈರ್ ಸಣ್ಣೀರಪ್ಪ ಬೆರಳೆತ್ತುತ್ತಿದ್ದ. ಕೂಡಲೇ ದೊರೆ ಗಾಳಿಯಲ್ಲಿ ಒಂದು ಚೌಕ ಬರೆದು, “ಚಿತ್ರ ತೋರಿಸಿ!” ಎನ್ನುತ್ತಿದ್ದ.

ಈಗಿನ ಹಾಗೆ ಆಗ ಕ್ಯಾಮೆರಾ ಎಲ್ಲಿತ್ತು? ಆ ರಾಜ್ಯದ ಥರ್ಡ್ ಅಂಪೈರ್ ಎಂದರೆ ಆಸ್ಥಾನದ ಚಿತ್ರಗಾರ ನಾಗೋಜಿ. ಬೌಂಡರಿಯಾಚೆ ಚಪ್ಪರದಡಿ ಕೂತು ಕಂಡದ್ದನ್ನು ಬರೆದು ತರುವುದು ಅವನ ಕೆಲಸ. ಬಣ್ಣ ಒಣಗುವ ತನಕ ಆಟ ನಿಲ್ಲುತ್ತಿತ್ತು. ಅಷ್ಟರಲ್ಲಿ ಜನ ಮನೆಗೆ ಹೋಗಿ, ಉಂಡು, ಒಂದು ನಿದ್ದೆ ತೆಗೆದು ಬರುತ್ತಿದ್ದರು.

ಆದರೆ ಅರಮನೆಗೊಂದು ಹಳೇ ಕಟ್ಟಳೆ. ಯಾವ ಚಿತ್ರವೇ ಇರಲಿ, ದೊರೆ ಅದರಲ್ಲಿ ಎಲ್ಲರಿಗಿಂತ, ಎಲ್ಲಕ್ಕಿಂತ ದೊಡ್ಡದಾಗಿ ಕಾಣಬೇಕು. ಹಾಗಾಗಿ ನಾಗೋಜಿಯ ಚಿತ್ರದಲ್ಲಿ ಸೇನಾಪತಿ ಹೆಬ್ಬೆರಳಿನಷ್ಟು, ದೊರೆಯ ಕಾಲು ಆನೆಯ ಕಾಲಿನಷ್ಟು. ಹಿಂದಿದ್ದ ವಿಕೆಟ್ ಆ ಕಾಲಿನಲ್ಲಿ ಪೂರಾ ಮರೆಯಾಗುತ್ತಿತ್ತು.

“ಬಿದ್ದ ವಿಕೆಟ್ ಎಲ್ಲಿದೆ, ತೋರಿಸಿ!” ಎನ್ನುತ್ತಿದ್ದ ದೊರೆ. ಕಂಡರಲ್ಲವೇ ತೋರಿಸುವುದು? ನಾಟೌಟ್!

ಅವತ್ತು ಮಾತ್ರ ದೊರೆಗೆ ಸಿಟ್ಟು ನೆತ್ತಿಗೇರಿತ್ತು. “ಸಣ್ಣೀರಪ್ಪಾ, ನಿನ್ನ ಬೆರಳು ಇನ್ನೊಂದು ಸಲ ಸುಳ್ಳಾಡಿದರೆ ನಿನಗೆ ಗಡೀಪಾರು!”

ಸಣ್ಣೀರಪ್ಪ ಅಳುಮೋರೆ ಹಾಕಿಕೊಂಡು ಬುಳ್ಳಪ್ಪನ ಹತ್ತಿರ ಬಂದ. “ಬುಳ್ಳಪ್ಪಣ್ಣಾ, ವಿಕೆಟ್ ಬಿದ್ದರೆ ಈ ಹಾಳು ಬೆರಳು ತಾನಾಗೇ ಎದ್ದುಬಿಡ್ತದೆ. ನಾಳೆ ಕೈಗೆ ಹಗ್ಗ ಕಟ್ಟಿಕೊಂಡು ನಿಲ್ಲಲಾ?”

ನಿಜ ಹೇಳುವ ಬೆರಳಿಗೆ ಗಡೀಪಾರೇ ಎಂದು ಬುಳ್ಳಪ್ಪನಿಗೆ ಸಂಕಟವಾಯಿತು. ಪ್ಯಾಡಿನೊಳಗೆ ಕಾಲೂ ತುರಿಸುತ್ತಿತ್ತು.

“ಹಗ್ಗಗಿಗ್ಗ ಬೇಡ ಮಾರಾಯಾ. ಬೆರಳು ಎದ್ದರೆ ಏಳಲಿ. ಮಿಕ್ಕಿದ್ದು ನನಗೆ ಬಿಡು,” ಎಂದ.

ಮರುದಿನ ಆಟ ಶುರುವಾಗುವ ಮೊದಲೇ ಬುಳ್ಳಪ್ಪ ದೊರೆಯೆದುರು ಕೈಮುಗಿದು ನಿಂತ. “ಪ್ರಭು, ನಾಗೋಜಿಯ ಚಿತ್ರದಲ್ಲಿ ಒಂದು ಕೊರತೆ ಇದೆ. ಅದರಲ್ಲಿ ಚೆಂಡೇ ಇರುವುದಿಲ್ಲ. ‘ನಿಮ್ಮ ದೊರೆ ನೊಣ ಓಡಿಸುತ್ತಿದ್ದಾರಾ?’ ಅಂತ ಪಕ್ಕದ ರಾಜ್ಯದವರು ನಗುತ್ತಾರಂತೆ.”

ದೊರೆಯ ಮೀಸೆ ಅದುರಿತು. “ನಾಗೋಜಿ! ಇವತ್ತಿನಿಂದ ಚೆಂಡು ಬಡಿದ ಜಾಗದಲ್ಲೇ ಚೆಂಡನ್ನೂ ಬರಿ. ಕೆಂಪಗೆ ಎದ್ದು ಕಾಣಬೇಕು!”

“ಚಿತ್ರ ಹೇಳಿದ್ದೇ ಕೊನೆಯ ಮಾತು ತಾನೆ, ಪ್ರಭು?”

“ಕೊನೆಯ ಮಾತೇ. ಅದನ್ನು ನಾನೂ ಮೀರುವುದಿಲ್ಲ.”

ಆಟ ಶುರುವಾಯಿತು. ಸೇನಾಪತಿ ಓಡಿ ಬಂದು ಎಸೆದ. ದೊರೆ ಕಣ್ಣು ಮುಚ್ಚಿ ಬೀಸಿದ. ನಡುವಿನ ವಿಕೆಟ್ ಪಲ್ಟಿ ಹೊಡೆಯಿತು. ಸಣ್ಣೀರಪ್ಪ ಬೇಡ ಬೇಡವೆಂದರೂ ಬೆರಳು ಎದ್ದೇ ಎದ್ದಿತು.

ದೊರೆ ಚೌಕ ಬರೆದ. ಜನ ಊಟಕ್ಕೆ ಹೋಗಿ ಬಂದರು. ಚಿತ್ರವೂ ಬಂತು.

“ನೋಡಿ! ವಿಕೆಟ್ ಬಿದ್ದದ್ದು ಎಲ್ಲಾದರೂ ಕಾಣುತ್ತದೆಯೇ? ಸಣ್ಣೀರಪ್ಪಾ, ಗಂಟುಮೂಟೆ ಕಟ್ಟು!”

“ನಿಜ ಪ್ರಭು, ವಿಕೆಟ್ ಬಿದ್ದಿಲ್ಲ. ತಾವು ಬೌಲ್ಡ್ ಅಲ್ಲವೇ ಅಲ್ಲ,” ಎಂದ ಬುಳ್ಳಪ್ಪ. “ನಾಗೋಜಿ, ಚೆಂಡು ಎಲ್ಲಪ್ಪಾ?”

“ಬಡಿದ ಜಾಗದಲ್ಲೇ ಬರೆದಿದ್ದೇನೆ. ಆದರೆ ಅಲ್ಲಿ... ಪ್ರಭುಗಳ ಕಾಲಿತ್ತು.”

“ಅಂದರೆ ಚೆಂಡು ಬಡಿದದ್ದು ಕಾಲಿಗೆ. ಆ ಕಾಲಿನ ಹಿಂದೆ ಏನಿದೆ?”

“ಮೂರೂ ವಿಕೆಟ್.”

“ವಿಕೆಟ್ಟಿಗೆ ಕಾಲು ಅಡ್ಡ! ಪ್ರಭು, ಇದು ಎಲ್‌ಬಿಡಬ್ಲ್ಯೂ. ಇದಕ್ಕಿಂತ ಚೊಕ್ಕ ಎಲ್‌ಬಿಡಬ್ಲ್ಯೂ ನಾನು ಕಂಡಿಲ್ಲ.”

“ನನ್ನ ಕಾಲೇನು ಅಷ್ಟು ದಪ್ಪ ಇದೆಯೇ?” ದೊರೆ ಕಿರುಚಿದ. “ಇದ್ದ ಹಾಗೇ ಬರಿ, ನಾಗೋಜಿ!”

“ಬರೆಸೋಣ ಪ್ರಭು. ಆಗ ಬಿದ್ದ ವಿಕೆಟ್ಟೂ ಕಾಣುತ್ತದೆ,” ಎಂದ ಬುಳ್ಳಪ್ಪ. “ದೊಡ್ಡವರಾದರೆ ಎಲ್‌ಬಿಡಬ್ಲ್ಯೂ, ಸಣ್ಣವರಾದರೆ ಬೌಲ್ಡ್. ಅಪ್ಪಣೆಯಾಗಲಿ, ತಮಗೆ ಯಾವ ಅಳತೆ ಇಷ್ಟ?”

ದೊರೆ ಚಿತ್ರ ನೋಡಿದ, ತನ್ನ ಕಾಲು ನೋಡಿಕೊಂಡ, ಮತ್ತೆ ಚಿತ್ರ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ದೊಡ್ಡವನಾಗಿಯೇ ಔಟಾಗುತ್ತೇನಪ್ಪಾ!” ಎಂದವನೇ ಸಣ್ಣೀರಪ್ಪನ ಬೆರಳಿಗೆ ತನ್ನ ಉಂಗುರ ತೊಡಿಸಿ, ಬ್ಯಾಟನ್ನು ಬುಳ್ಳಪ್ಪನ ಕೈಗಿಟ್ಟ. “ಆದರೆ ಬೌಲಿಂಗ್ ಮಾತ್ರ ನನ್ನದು!”

ದೊರೆಯ ಮೊದಲ ಚೆಂಡೇ ಬುಳ್ಳಪ್ಪನ ಪ್ಯಾಡಿಗೆ ಬಡಿಯಿತು. ಸಣ್ಣೀರಪ್ಪನ ಬೆರಳು, ಉಂಗುರ ಸಮೇತ, ಎದ್ದಿತು.

ಬುಳ್ಳಪ್ಪ ನಿಧಾನವಾಗಿ ಗಾಳಿಯಲ್ಲಿ ಚೌಕ ಬರೆದ.

ಚಿತ್ರ ಬಂತು. ಕಟ್ಟಳೆಯ ಪ್ರಕಾರ ದೊರೆ ಆಕಾಶದೆತ್ತರ. ಬುಳ್ಳಪ್ಪ ಹೆಬ್ಬೆರಳಿನಷ್ಟು. ಚೆಂಡು ಮಾತ್ರ ನಿಜವಾಗಿ ಬಡಿದ ಎತ್ತರದಲ್ಲೇ, ಕೆಂಪಗೆ.

“ನೋಡಿ ಪ್ರಭು,” ಎಂದ ಬುಳ್ಳಪ್ಪ, “ನಾನು ಇಗೋ, ಇಲ್ಲಿ ಕೆಳಗಿದ್ದೇನೆ. ಚೆಂಡು ನನ್ನ ತಲೆಯ ಮೇಲಿಂದ ಹೋಗುತ್ತಿದೆ. ನಾಟೌಟ್!”

ದೊರೆ ನಗುತ್ತಲೇ ಪ್ಯಾಡ್ ಕಟ್ಟಿಕೊಂಡು ಸರದಿಗೆ ಕೂತ. ಮುಂದಿನ ಯುಗಾದಿ ಬಂದರೂ ಬಿಚ್ಚಿರಲಿಲ್ಲವಂತೆ.