ಮಧ್ಯದ ಕುರ್ಚಿ

ನಮ್ಮ ನಾಗರಿಕರ ಚರ್ಚಾಕೂಟದಲ್ಲಿ ಆರು ಗಂಟೆ ಎಂದರೆ ಆರೇ ಗಂಟೆ. ಅಂದು ಗಡಿ ತಕರಾರುಗಳ ಬಗ್ಗೆ ಮಾತಾಡಲು ದೆಹಲಿಯಿಂದ ಒಬ್ಬ ನಿವೃತ್ತ ರಾಯಭಾರಿ, ಒಬ್ಬ ಪ್ರೊಫೆಸರ್ ಬಂದಿದ್ದರು. ವೇದಿಕೆಯ ಮೇಲೆ ಅವರಿಬ್ಬರಿಗೂ ಕೂಟದ ಅಧ್ಯಕ್ಷೆಗೂ ಹಾಕಿದ್ದ ಮೂರು ಕುರ್ಚಿಗಳಲ್ಲಿ ಮಧ್ಯದ್ದೇ ತನಗೆ ಬೇಕೆಂದು ಇಬ್ಬರೂ ಹಟ ಹಿಡಿದು ಕೆಳಗೇ ನಿಂತರು. ಆರೂವರೆಯಾಯಿತು. ಪ್ರಶ್ನೆ ಕೇಳಲು ಬಂದ ಜನ ಏಳತೊಡಗಿದರು.

“ಸಭೆ ನಿಂತರೆ ನಿನ್ನ ಕೆಲಸವೂ ಹೋಯಿತು!” ಎಂದು ಕಾರ್ಯದರ್ಶಿ ಜವಾನ ಅಂತಪ್ಪನ ಮೇಲೆ ಹರಿಹಾಯ್ದರು.

ಅಂತಪ್ಪ ಮಧ್ಯದ ಕುರ್ಚಿಯನ್ನೇ ಎತ್ತಿ ತಂದು, ಕೆಳಗೆ ಅಧ್ಯಕ್ಷೆಗೆ ಹಾಕಿಕೊಟ್ಟ.

“ಏನಯ್ಯಾ ಇದು?” ರಾಯಭಾರಿ ಗುಡುಗಿದರು.

“ತಕರಾರಿನ ಜಾಗವನ್ನು ಮೊದಲು ಇಬ್ಬರೂ ಬಿಡಬೇಕು, ಆಮೇಲೆ ಮಾತಿಗೆ ಕೂರಬೇಕು, ಸರ್.”

“ಯಾರು ಹೇಳಿದ್ದು ನಿನಗೆ?”

“ತಮ್ಮ ಭಾಷಣದಲ್ಲೇ ಇದೆ, ಸರ್. ಮುನ್ನೂರು ಪ್ರತಿ ಜೆರಾಕ್ಸ್ ತೆಗೆದವನು ನಾನೇ.”

ಪ್ರೊಫೆಸರ್ ಗಹಗಹಿಸಿ ಚಪ್ಪಾಳೆ ತಟ್ಟಿದರು. ರಾಯಭಾರಿ ಮೆಟ್ಟಿಲು ಹತ್ತಿ, ಎಡಗಡೆಯ ಕುರ್ಚಿಯಲ್ಲಿ ಕುಳಿತರು.