ಸಾಹುಕಾರರ ಕಾರಿಗೆ ಹೊಸ ಸ್ಟೀರಿಯೋ

ಗುರುಸಿದ್ದಪ್ಪ ಸಾಹುಕಾರರ ಹಳೆಯ ಕಾರಿನಲ್ಲಿ ಕಂಪನಿಯವರೇ ಕೂಡಿಸಿದ್ದ ಸ್ಟೀರಿಯೋ ಮೆಲ್ಲಗೆ ಹಾಡುತ್ತಿತ್ತು. ಸಾಹುಕಾರರಿಗೆ ಅದು ಸಾಲಲಿಲ್ಲ. "ನಮ್ಮ ಕಾರು ಬಂದ್ರ ಪ್ಯಾಟಿ ನಡುಗಬೇಕು" ಎಂದು ಹೊಸ ಸ್ಟೀರಿಯೋ ಕೂಡಿಸಿ, ಡಿಕ್ಕಿ ತುಂಬ ಸ್ಪೀಕರ್ ಹಾಕಿಸಿದರು.

ನಡುಗಿದ್ದು ಡ್ರೈವರ್ ಮೌಲಾಲಿಯ ತಲೆ. ಮನೆಗೆ ಹೋಗಿ ಮಲಗಿದರೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. "ಸ್ವಲ್ಪ ಸಣ್ಣ ಮಾಡ್ಲೇನ್ರಿ?" ಎಂದರೆ ಸಾಹುಕಾರರು, "ನಿನಗ ಕೆಲಸ ಬ್ಯಾಡೇನು?" ಎನ್ನುತ್ತಿದ್ದರು.

ದಣಿದು ಹೋದ ಮೌಲಾಲಿ ಒಂದು ದಿನ ಹೇಳಿದ: "ಸಾಹುಕಾರ್ರ, ನಿಮ್ಮ ಫೋನೂ ಇದಕ್ಕ ಜೋಡಿಸಬಹುದ್ರಿ. ದೊಡ್ಡ ಮಂದಿ ಎಲ್ಲಾ ಹಂಗ ಮಾತಾಡ್ತಾರ."

ಸಾಹುಕಾರರು ಹಿಗ್ಗಿದರು. "ಜೋಡಸು!"

ಮೌಲಾಲಿ ಕಾರನ್ನು ಸಂತೆಯ ನಡುವೆ ನಿಲ್ಲಿಸಿ ಕಿಟಕಿಗಳನ್ನೆಲ್ಲ ಇಳಿಸಿದ. ಸಾಹುಕಾರರು ಮೀಸೆ ತಿರುವುತ್ತಿದ್ದಾಗ ಫೋನ್ ಬಂತು. ಅವರ ಹೆಂಡತಿಯ ದನಿ ಸಂತೆಗೆಲ್ಲ ಮೊಳಗಿತು: "ರೀ! ನನ್ನ ಹಲ್ಲುಜ್ಜೋ ಬ್ರಷ್‌ಲೆ ಮತ್ತ ಮೀಸಿಗೆ ಬಣ್ಣ ಹಚ್ಕೊಂಡೀರೇನು?"

ಕಾಯಿಪಲ್ಲೆ ಮಾರುವವರು ತಕ್ಕಡಿ ಕೆಳಗಿಟ್ಟು ನಕ್ಕರು. ಸಾಹುಕಾರರು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡು, "ಬಂದ್ ಮಾಡೋ ಮೌಲಾಲಿ!" ಎಂದು ಕೂಗಿದರು.

ಮೌಲಾಲಿ ಕಿವಿಗೆ ಕೈ ಹಚ್ಚಿದ. "ಏನಂದ್ರಿ? ಈ ಗದ್ದಲದಾಗ ಏನೂ ಕೇಳಸವಲ್ದ್ರಿ."

ಅಂದೇ ಸಂಜೆ ಸ್ಪೀಕರುಗಳೆಲ್ಲ ಇಳಿದವು. ಮೌಲಾಲಿ ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದ.